ಮುನ್ನೂರು ಸಾಲಿನ ಮೆಥಡ್ಡನ್ನು ಬಿಡಿಸುವುದು ಹೇಗೆ?

ಹತ್ತನೇ ತರಗತಿಯ ಗಣಿತದ ಉತ್ತರಪತ್ರಿಕೆ ತಿದ್ದುವಾಗ ನಾವು ಹಂತಗಳಿಗೆ ಅಂಕ ಕೊಡುತ್ತೇವೆ. ಸೂತ್ರ ಬರೆದದ್ದಕ್ಕೆ ಇಷ್ಟು, ಬೆಲೆ ಆದೇಶಿಸಿದ್ದಕ್ಕೆ ಇಷ್ಟು, ಉತ್ತರಕ್ಕೆ ಇಷ್ಟು. ಒಂದು ಮಗು ಎಲ್ಲವನ್ನೂ ಒಂದೇ ಸಾಲಿಗೆ ತುರುಕಿ ಕೊನೆಗೆ ತಪ್ಪು ಉತ್ತರ ಬರೆದರೆ, ಎಲ್ಲಿ ಎಡವಿತು ಅಂತ ಹುಡುಕುವುದೇ ನಮಗೆ ದೊಡ್ಡ ಕೆಲಸ. ಉತ್ತರ ಸರಿಯಿದ್ದರೂ ಅನುಮಾನ ಹೋಗುವುದಿಲ್ಲ, ಅಲ್ವಾ? ಕಂಪ್ಯೂಟರ್ ಪ್ರೋಗ್ರಾಮು ಬರೆಯುವವರಿಗೂ ಇದೇ ಪಾಡು. ಕೆಲಸಗಳನ್ನೆಲ್ಲ ಒಂದೇ ಉದ್ದನೆಯ ಪಟ್ಟಿಯಲ್ಲಿ ಬರೆದುಬಿಟ್ಟರೆ ಅದು ಓಡುತ್ತದೆ, ಆದರೆ ಒಳಗೆ ಏನು ನಡೆಯುತ್ತಿದೆ ಅಂತ ಬರೆದವರಿಗೂ ಆರು ತಿಂಗಳ ಮೇಲೆ ಗೊತ್ತಾಗುವುದಿಲ್ಲ.

ಹಾಜರಿ, ಅಂಕ, ಮಧ್ಯಾಹ್ನದ ಊಟದ ಲೆಕ್ಕ ಎಲ್ಲವನ್ನೂ ಈಗ ನಾವು ಯಾವುದೋ ಒಂದು ವೆಬ್ ಪುಟದಲ್ಲೋ ಆ್ಯಪಿನಲ್ಲೋ ತುಂಬುತ್ತಿದ್ದೇವೆ. ನೀವು ಕಂಬದೂರಿನಲ್ಲಿ ಕುಳಿತು ‘ಉಳಿಸಿ’ ಎನ್ನುವ ಗುಂಡಿ ಒತ್ತಿದ ಕೂಡಲೇ ಬ್ರೌಸರು ಆ ವಿವರಗಳನ್ನು ದೂರದ ಸರ್ವರಿಗೆ ಕಳಿಸುತ್ತದೆ. ಅಲ್ಲಿ ಆ ಗುಂಡಿಗೆಂದೇ ಬರೆದಿಟ್ಟ ಒಂದು ಮೆಥಡ್ ಎದ್ದು ಓಡುತ್ತದೆ. ಮೆಥಡ್ ಅಂದರೆ ಬೇರೇನಲ್ಲ, ಹೆಸರಿಟ್ಟ ಒಂದು ಕೆಲಸದ ಪಟ್ಟಿ. ಕೆಲವರು ಫಂಕ್ಷನ್ ಅನ್ನುತ್ತಾರೆ. ನಮ್ಮ ಮಟ್ಟಿಗೆ ಎರಡೂ ಒಂದೇ ಅಂದುಕೊಳ್ಳಿ. ಶುರುವಿನಲ್ಲಿ ಅದು ಇಪ್ಪತ್ತು ಸಾಲು ಇರುತ್ತದೆ. ಆಮೇಲೆ ಒಂದೊಂದೇ ಸುತ್ತೋಲೆ, ಒಂದೊಂದೇ ‘ಇದೊಂದು ಸೇರಿಸಿಬಿಡಿ’. ಮೂರು ವರ್ಷಕ್ಕೆ ಮುನ್ನೂರು ಸಾಲು. ಯಾರೂ ಬೇಕಂತ ಉದ್ದ ಮಾಡಿದ್ದಲ್ಲ, ಬೇಲಿ ಬೆಳೆದ ಹಾಗೆ ಬೆಳೆದದ್ದು.

ಉದ್ದವಾದರೆ ಏನಂತೆ, ಕಂಪ್ಯೂಟರಿಗೆ ಆಯಾಸವೇ? ಇಲ್ಲ. ಕಂಪ್ಯೂಟರಿಗೆ ಮುನ್ನೂರು ಸಾಲೂ ಒಂದೇ, ಮೂವತ್ತು ಸಾಲೂ ಒಂದೇ. ತೊಂದರೆ ಓದುವ ಮನುಷ್ಯನಿಗೆ, ಅಲ್ಲಿಂದ ಅದು ನಮ್ಮ ಮಕ್ಕಳಿಗೆ ಬಂದು ಮುಟ್ಟುತ್ತದೆ. ಹೇಗೆ ಅಂತ ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ.

ಸೊನ್ನೆಯೋ, ಗೈರೋ?

ಅಂಕಪಟ್ಟಿ ಮಾಡುವ ಒಂದು ವೆಬ್ ಅಪ್ಲಿಕೇಶನ್ ಇದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ‘ಫಲಿತಾಂಶ_ಉಳಿಸು’ ಎನ್ನುವ ಮೆಥಡ್. ಅದು ಮೊದಲು ಮಗುವಿನ ಹೆಸರು ಓದುತ್ತದೆ, ಅಂಕಗಳನ್ನು ಓದುತ್ತದೆ, ಮೊತ್ತ ಕೂಡಿಸುತ್ತದೆ, ಪಾಸೋ ಫೇಲೋ ನೋಡುತ್ತದೆ, ಮಂಡಲ ನೋಡಿ ಜಿಲ್ಲೆಯ ಹೆಸರು ಹಾಕುತ್ತದೆ, ಡೇಟಾಬೇಸಿಗೆ ಬರೆಯುತ್ತದೆ, ಕೊನೆಗೆ ಅಂಕಪಟ್ಟಿ ಮುದ್ರಿಸುತ್ತದೆ. ಎಲ್ಲ ಸೇರಿ ಮುನ್ನೂರು ಸಾಲು.

60ನೇ ಸಾಲಿನಲ್ಲಿ ಒಂದು ಸಣ್ಣ ಸಂಗತಿ ಇದೆ. ಮಗು ಪರೀಕ್ಷೆಗೆ ಬಂದಿಲ್ಲವಾದರೆ ಅಂಕದ ಜಾಗದಲ್ಲಿ ‘ಗೈರು’ ಅಂತ ಇರುತ್ತದೆ. ಅಕ್ಷರವನ್ನು ಕೂಡಿಸಲಾಗದಲ್ಲ, ಹಾಗಾಗಿ ಬರೆದವರು ಅದನ್ನು 0 ಮಾಡಿದ್ದಾರೆ. ಮೊತ್ತಕ್ಕೆ ಅದು ಸರಿಯೇ. 240ನೇ ಸಾಲಿಗೆ ಬಂದಾಗ ಮುದ್ರಣ ಶುರು. ಅಷ್ಟರಲ್ಲಿ ‘ಗೈರು’ ಕಳೆದುಹೋಗಿದೆ, ಕೈಯಲ್ಲಿರುವುದು ಬರೀ 0. ಅಂಕಪಟ್ಟಿಯಲ್ಲಿ ಸೊನ್ನೆ ಬಿತ್ತು. ‘ನಮ್ಮ ಹುಡುಗಿಗೆ ಜ್ವರ ಸಾರ್, ಪರೀಕ್ಷೆಗೇ ಹೋಗಿರಲಿಲ್ಲ, ಸೊನ್ನೆ ಅಂತ ಹಾಕಿದ್ದೀರಲ್ಲ’ ಅಂತ ತಂದೆ ಬಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ದೂರು ಪ್ರೋಗ್ರಾಮರಿಗೆ ಹೋಗುತ್ತದೆ. ಅವರು ಮುದ್ರಣದ ಸಾಲುಗಳನ್ನು ತೆರೆಯುತ್ತಾರೆ. ಹಳೆಯ ಕಾಲದ ಕಂಪ್ಯೂಟರ್ ಪರದೆಯಲ್ಲಿ 24 ಸಾಲು ಕಾಣುತ್ತಿತ್ತು. ಆ ಲೆಕ್ಕದಲ್ಲಿ 60ನೇ ಸಾಲು ಏಳು ಪರದೆ ಮೇಲೆ ಇದೆ. ಅವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಕಂಡದ್ದಷ್ಟಕ್ಕೆ ಮದ್ದು ಹಚ್ಚುತ್ತಾರೆ: ‘ಅಂಕ 0 ಇದ್ದರೆ ಗೈರು ಅಂತ ಮುದ್ರಿಸು.’ ಹುಡುಗಿಯ ಅಂಕಪಟ್ಟಿ ಸರಿಹೋಯಿತು, ದೂರು ಮುಗಿಯಿತು.

ಈಗ ಇನ್ನೊಬ್ಬ ಹುಡುಗನನ್ನು ನೋಡಿ. ಅವನು ಪರೀಕ್ಷೆಗೆ ಬಂದಿದ್ದ, ಮೂರು ಗಂಟೆ ಕುಳಿತಿದ್ದ, ನಿಜವಾಗಿಯೂ ಸೊನ್ನೆ ತೆಗೆದುಕೊಂಡ. ಅವನ ಅಂಕಪಟ್ಟಿಯಲ್ಲಿ ಈಗ ‘ಗೈರು’ ಬರುತ್ತದೆ. ಗೈರಾದವರ ಪಟ್ಟಿ ಮರುಪರೀಕ್ಷೆಗೆ ಹೋಗುತ್ತದೆ, ಸೊನ್ನೆಯವರ ಪಟ್ಟಿ ಪರಿಹಾರ ಬೋಧನೆಗೆ. ಎಲ್ಲರಿಗಿಂತ ಹೆಚ್ಚಾಗಿ ಯಾರಿಗೆ ಕೈಹಿಡಿದು ಕಲಿಸಬೇಕಿತ್ತೋ ಆ ಮಗುವೇ ಪರಿಹಾರ ಬೋಧನೆಯ ಪಟ್ಟಿಯಿಂದ ಜಾರಿಹೋಯಿತು. ಅವನ ಪರವಾಗಿ ದೂರು ಕೊಡಲು ಯಾರೂ ಬರುವುದಿಲ್ಲ. ಸೊನ್ನೆ ಬಂದಿಲ್ಲವಲ್ಲ ಅಂತ ಮನೆಯಲ್ಲಿ ಸಮಾಧಾನವೇ ಆಗಿರಬಹುದು.

ಇಲ್ಲಿ ಲೆಕ್ಕ ಬರದವರು ಯಾರೂ ಇಲ್ಲ. ‘ಅಂಕ’ ಎನ್ನುವ ಒಂದೇ ಹೆಸರು 60ನೇ ಸಾಲಿಗೆ ಮುಂಚೆ ಒಂದು ಅರ್ಥ ಹೊತ್ತಿತ್ತು, ಆಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ನೋಡಲಾಗದಷ್ಟು ದೂರ ಅವುಗಳ ನಡುವೆ ಇತ್ತು.

ರಿಫ್ಯಾಕ್ಟರಿಂಗ್ ಅಂದರೆ

ಪ್ರೋಗ್ರಾಮು ಹೊರಗೆ ಕೊಡುವ ಫಲವನ್ನು ಒಂದಿಷ್ಟೂ ಬದಲಿಸದೆ ಒಳಗಿನ ಕಟ್ಟಡವನ್ನು ಸರಿಪಡಿಸುವುದಕ್ಕೆ ರಿಫ್ಯಾಕ್ಟರಿಂಗ್ ಅನ್ನುತ್ತಾರೆ. ಬೀಜಗಣಿತದಲ್ಲಿ ಅಪವರ್ತಿಸುತ್ತೇವಲ್ಲ, ಅದೇ ಮಾತಿನ ನೆಂಟಸ್ತಿಕೆ. ಎಕ್ಸ್ ವರ್ಗ ಪ್ಲಸ್ 5 ಎಕ್ಸ್ ಪ್ಲಸ್ 6 ಎನ್ನುವುದನ್ನು ಎರಡು ಆವರಣಗಳ ಗುಣಲಬ್ಧವಾಗಿ ಬರೆದರೆ ಬೆಲೆ ಬದಲಾಗುವುದಿಲ್ಲ, ಆದರೆ ಮೂಲಗಳು ಕಣ್ಣಿಗೆ ಕಾಣುತ್ತವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಪ್‌ಡೈಕ್ 1992ರಲ್ಲಿ ಈ ವಿಷಯದ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದರು. 1999ರಲ್ಲಿ ಮಾರ್ಟಿನ್ ಫೌಲರ್ ಅವರ ‘ರಿಫ್ಯಾಕ್ಟರಿಂಗ್’ ಪುಸ್ತಕ ಬಂತು. ಅದರಲ್ಲಿ ಕೆಂಟ್ ಬೆಕ್ ಜೊತೆ ಸೇರಿ ಬರೆದ ಒಂದು ಅಧ್ಯಾಯ ಕೋಡಿನ ‘ಕೆಟ್ಟ ವಾಸನೆ’ಗಳನ್ನು ಕುರಿತದ್ದು. ಉದ್ದದ ಮೆಥಡ್ ಆ ಪಟ್ಟಿಯಲ್ಲಿದೆ. ವಾಸನೆ ಎನ್ನುವ ಮಾತು ನನಗೆ ತುಂಬ ಹಿಡಿಸಿತು. ವಾಸನೆ ಬಂದರೆ ಅನ್ನ ಹಳಸಿದೆ ಅಂತ ಖಂಡಿತವಿಲ್ಲ. ಮುಚ್ಚಳ ತೆಗೆದು ನೋಡಬೇಕು ಅಂತ ಮಾತ್ರ.

ಎಷ್ಟು ಸಾಲಾದರೆ ಉದ್ದ? ಒಂದೇ ಉತ್ತರ ಇಲ್ಲ. ಲಿನಕ್ಸ್ ಕರ್ನೆಲ್ ಬರೆಯುವವರ ನಿಯಮ ಒಂದು ಫಂಕ್ಷನ್ ಆ 24 ಸಾಲಿನ ಪರದೆಯಲ್ಲಿ ಒಂದೆರಡು ಪರದೆಗೆ ಹಿಡಿಸಬೇಕು ಅನ್ನುತ್ತದೆ. ಥಾಮಸ್ ಮೆಕೇಬ್ 1976ರಲ್ಲಿ ಸಾಲು ಎಣಿಸುವುದನ್ನೇ ಬಿಟ್ಟು, ಒಳಗೆ ಎಷ್ಟು ಕವಲುದಾರಿಗಳಿವೆ ಅಂತ ಎಣಿಸುವ ಕ್ರಮ ಕೊಟ್ಟರು. 10 ದಾಟಿದರೆ ಒಡೆಯುವ ಯೋಚನೆ ಮಾಡಿ ಅಂದರು. ನನ್ನ ಮಟ್ಟಿಗೆ ಮೆಕೇಬರ ಎಣಿಕೆಯೇ ಹೆಚ್ಚು ಉಪಯೋಗದ್ದು. ಹತ್ತು ‘ಹೀಗಿದ್ದರೆ’ ಇರುವ ನಲವತ್ತು ಸಾಲಿಗಿಂತ ಒಂದೂ ‘ಹೀಗಿದ್ದರೆ’ ಇಲ್ಲದ ನೂರು ಸಾಲನ್ನು ಓದುವುದು ಸುಲಭ.

ಮೊದಲು ತಾಳೆಪಟ್ಟಿ, ಆಮೇಲೆ ಕತ್ತರಿ

ಈಗ ನಮ್ಮ ಮುನ್ನೂರು ಸಾಲಿಗೆ ಕೈಹಾಕೋಣ. ಕತ್ತರಿ ಎತ್ತುವ ಮುಂಚೆ ಒಂದು ತಾಳೆಪಟ್ಟಿ ಬೇಕು. ಐದಾರು ಮಕ್ಕಳ ವಿವರ ಆರಿಸಿಕೊಳ್ಳಿ: ಎಲ್ಲದರಲ್ಲೂ ಪಾಸಾದ ಒಂದು ಮಗು, ಸರಿಯಾಗಿ 35 ಬಂದ ಒಂದು, 34 ಬಂದ ಒಂದು, 100ಕ್ಕೆ 100 ಬಂದ ಒಂದು, ಗೈರಾದ ಒಂದು, ಸೊನ್ನೆ ಬಂದ ಒಂದು. ವಿಜ್ಞಾನದ ಪ್ರಯೋಗದಲ್ಲಿ ಅಳತೆಯ ಎರಡು ಅಂಚುಗಳನ್ನೂ ನೋಡುತ್ತೇವಲ್ಲ, ಹಾಗೆ. ಈಗಿರುವ ಪ್ರೋಗ್ರಾಮು ಅವರಿಗೆ ಏನು ಉತ್ತರ ಕೊಡುತ್ತದೋ ಅದನ್ನು ಹಾಗೇ ಬರೆದಿಟ್ಟುಕೊಳ್ಳಿ. ತಪ್ಪು ಉತ್ತರವಿದ್ದರೆ ತಪ್ಪನ್ನೂ ಬರೆದುಕೊಳ್ಳಿ. ಸೊನ್ನೆಯ ಹುಡುಗನಿಗೆ ‘ಗೈರು’ ಬರುತ್ತಿದೆಯೇ? ತಾಳೆಪಟ್ಟಿಯಲ್ಲೂ ‘ಗೈರು’.

ಇದು ವಿಚಿತ್ರ ಅನ್ನಿಸಬಹುದು. ತಪ್ಪು ಕಂಡ ಮೇಲೂ ಸುಮ್ಮನಿರುವುದೇ? ಸ್ವಲ್ಪ ಹೊತ್ತು, ಹೌದು. ಕಟ್ಟಡ ಬದಲಿಸುವುದು ಒಂದು ಕೆಲಸ, ಫಲ ಬದಲಿಸುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡಿದರೆ ಮುಂದೆ ಉತ್ತರ ಬೇರೆ ಬಂದಾಗ, ತಿದ್ದಿದ್ದರಿಂದ ಬಂತೋ ಕೆಡಿಸಿದ್ದರಿಂದ ಬಂತೋ ಗೊತ್ತಾಗುವುದಿಲ್ಲ. ಒಂದು ಪ್ರಯೋಗದಲ್ಲಿ ಒಂದೇ ಚರವನ್ನು ಬದಲಿಸಿ ಅಂತ ನಾವು ಮಕ್ಕಳಿಗೆ ಹೇಳುವುದಿಲ್ಲವೇ? ಮೈಕಲ್ ಫೆದರ್ಸ್ 2004ರ ತಮ್ಮ ಪುಸ್ತಕದಲ್ಲಿ ಇಂಥ ತಾಳೆಪಟ್ಟಿಗಳ ಬಗ್ಗೆ ವಿವರವಾಗಿ ಬರೆದಿದ್ದಾರೆ. ಪರೀಕ್ಷೆಗಳಿಲ್ಲದ ಕೋಡು ಯಾವುದೋ ಅದೇ ‘ಹಳೇ ಕೋಡು’, ನೆನ್ನೆ ಬರೆದಿದ್ದರೂ ಸರಿ, ಎನ್ನುವುದು ಅವರ ವಾದ.

ಇನ್ನು ಕತ್ತರಿಸುವುದು. ಮೊತ್ತ ಕೂಡಿಸುವ ಸಾಲುಗಳನ್ನು ಹಿಡಿಯಿರಿ. ಕೇಳಬೇಕಾದ ಪ್ರಶ್ನೆ ಎರಡೇ: ಈ ಸಾಲುಗಳಿಗೆ ಒಳಗೆ ಏನು ಬೇಕು, ಇವುಗಳಿಂದ ಹೊರಗೆ ಏನು ಬರಬೇಕು? ಅಂಕಗಳು ಒಳಗೆ, ಮೊತ್ತ ಹೊರಗೆ. ಅಷ್ಟೇ ಆದರೆ ಸರಿಯಾದ ಜಾಗದಲ್ಲಿ ಕತ್ತರಿ ಇಟ್ಟಿದ್ದೀರಿ. ಆ ಸಾಲುಗಳನ್ನು ಹೊರತೆಗೆದು ‘ಮೊತ್ತ_ಕೂಡಿಸು’ ಅಂತ ಹೆಸರಿಟ್ಟು, ಹಳೆಯ ಜಾಗದಲ್ಲಿ ಆ ಹೆಸರನ್ನು ಕರೆಯಿರಿ. ತಾಳೆಪಟ್ಟಿ ಓಡಿಸಿ. ಎಲ್ಲ ಉತ್ತರವೂ ಮುಂಚಿನಂತೆಯೇ ಬಂದರೆ ಮುಂದಿನ ತುಂಡಿಗೆ ಹೋಗಿ, ಬಾರದಿದ್ದರೆ ಈಗ ಮಾಡಿದ ಬದಲಾವಣೆಯನ್ನು ಹಿಂದಕ್ಕೆ ಪಡೆಯಿರಿ. ಹೊರತೆಗೆಯುವ ತುಂಡಿಗೆ ಒಳಗೆ ಏಳೆಂಟು ವಸ್ತು ಬೇಕು ಅಂತಾದರೆ ಕತ್ತರಿ ತಪ್ಪು ಜಾಗದಲ್ಲಿದೆ ಅಂತ ಅರ್ಥ. ಕಡಲೆಕಾಯಿ ಗಿಡವನ್ನು ಬುಡ ಸಡಿಲ ಮಾಡದೆ ಎಳೆದರೆ ಕಾಯಿ ನೆಲದಲ್ಲೇ ಉಳಿಯುತ್ತದಲ್ಲ, ಹಾಗೆ.

ಹೀಗೆ ಒಂದೊಂದೇ ಹೊರಗೆ ಬಂದ ಮೇಲೆ ಮುಖ್ಯ ಮೆಥಡ್ ಹೀಗೆ ಕಾಣುತ್ತದೆ:

ಫಲಿತಾಂಶ_ಉಳಿಸು (ಅರ್ಜಿ):
  ಹೆಸರು = ಹೆಸರು_ಶುದ್ಧಮಾಡು (ಅರ್ಜಿ)
  ಅಂಕಗಳು = ಅಂಕ_ಓದು (ಅರ್ಜಿ)
  ಮೊತ್ತ = ಮೊತ್ತ_ಕೂಡಿಸು (ಅಂಕಗಳು)
  ಫಲ = ಪಾಸೋ_ಫೇಲೋ (ಅಂಕಗಳು)
  ಜಿಲ್ಲೆ = ಜಿಲ್ಲೆ_ಹುಡುಕು (ಅರ್ಜಿ)
  ಡೇಟಾಬೇಸಿಗೆ_ಬರೆ (ಹೆಸರು, ಅಂಕಗಳು, ಮೊತ್ತ, ಫಲ, ಜಿಲ್ಲೆ)
  ಅಂಕಪಟ್ಟಿ_ಮುದ್ರಿಸು (ಹೆಸರು, ಅಂಕಗಳು, ಮೊತ್ತ, ಫಲ, ಜಿಲ್ಲೆ)

ಪ್ರೋಗ್ರಾಮು ಗೊತ್ತಿಲ್ಲದ ಮುಖ್ಯೋಪಾಧ್ಯಾಯರೂ ಇದನ್ನು ಓದಬಲ್ಲರು. ಕನ್ನಡದ ಹೆಸರು ನಾನು ವಿವರಣೆಗಾಗಿ ಇಟ್ಟದ್ದು ನಿಜ, ಆದರೆ ಬರೀ ವಿವರಣೆಗಲ್ಲ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು, ಜಾವಾಸ್ಕ್ರಿಪ್ಟಿನಲ್ಲೂ ಇಡಬಹುದು. ಭಾಷೆಯ ಮೂಲಪದಗಳು ಮಾತ್ರ ಇಂಗ್ಲಿಷಿನವೇ. ನಮ್ಮ ಮಕ್ಕಳಿಗೆ ಮೊದಲ ಪಾಠ ಹೇಳುವಾಗ ಇದು ಬಹಳ ಅನುಕೂಲ. ಹೆಸರಿನಲ್ಲೇ ಕೆಲಸ ಗೊತ್ತಾಗಬೇಕು. ‘ಭಾಗ_1’, ‘ಭಾಗ_2’ ಅಂತ ಇಟ್ಟರೆ ಉದ್ದದ ಮೆಥಡ್ಡನ್ನು ತುಂಡು ಮಾಡಿದಂತಾಯಿತೇ ಹೊರತು ಬಿಡಿಸಿದಂತಾಗಲಿಲ್ಲ.

ಈಗ ಸೊನ್ನೆಯ ಹುಡುಗನ ಸರದಿ. ‘ಅಂಕ_ಓದು’ ಇನ್ನು ಮೇಲೆ ‘ಗೈರು’ ಎನ್ನುವುದನ್ನು ಗೈರಾಗಿಯೇ ಉಳಿಸಿಕೊಳ್ಳಲಿ. ‘ಮೊತ್ತ_ಕೂಡಿಸು’ ಮಾತ್ರ ಗೈರನ್ನು ಬಿಟ್ಟು ಕೂಡಲಿ. ‘ಅಂಕಪಟ್ಟಿ_ಮುದ್ರಿಸು’ ಇದ್ದದ್ದನ್ನು ಇದ್ದಂತೆ ಮುದ್ರಿಸಲಿ. ಸೊನ್ನೆ ಕಂಡರೆ ‘ಗೈರು’ ಎನ್ನುವ ಆ ತೇಪೆ ಕಿತ್ತುಹೋಗಲಿ. ತಾಳೆಪಟ್ಟಿಯಲ್ಲಿ ಆ ಒಂದು ಮಗುವಿನ ಸಾಲನ್ನು, ತಿಳಿದೇ, ‘0’ ಅಂತ ತಿದ್ದಿ. ಇದು ರಿಫ್ಯಾಕ್ಟರಿಂಗ್ ಅಲ್ಲ, ದೋಷ ತಿದ್ದುವುದು. ಬಿಡಿಸಿ ಇಟ್ಟದ್ದರಿಂದ ಈ ತಿದ್ದುಪಡಿ ನಾಲ್ಕೈದು ಸಾಲಿನಲ್ಲಿ ಮುಗಿಯಿತು.

‘ಹೆಸರು_ಶುದ್ಧಮಾಡು’ ಬಗ್ಗೆ ಕನ್ನಡದವರಾದ ನಾವು ಒಂದು ಮಾತು ತಿಳಿದಿರಬೇಕು. ‘ಕಂಬದೂರು’ ನಮ್ಮ ಎಣಿಕೆಗೆ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಅದು ಏಳು ಸಂಕೇತ, ಏಕೆಂದರೆ ಸೊನ್ನೆಯೂ ಕೊಂಬುಗಳೂ ಬೇರೆಬೇರೆ. ಇನ್ನು ‘ಗೋ’ ಎನ್ನುವಲ್ಲಿನ ಓತ್ವ ಒಂದೇ ಸಂಕೇತವಾಗಿಯೂ ಬರಬಹುದು, ಎತ್ವ, ಕೊಂಬು, ದೀರ್ಘ ಅಂತ ಮೂರು ತುಂಡಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರು, ಹಾಗಾಗಿ ಹಾಜರಿಯಲ್ಲಿರುವ ಮಗು ಅಂಕದ ಪಟ್ಟಿಯಲ್ಲಿ ‘ಸಿಗುವುದಿಲ್ಲ’. ಇಂಥವನ್ನು ಒಂದೇ ರೂಪಕ್ಕೆ ತರುವ ಕ್ರಮ ಯೂನಿಕೋಡಿನಲ್ಲಿಯೇ ಇದೆ. ಹೆಸರು ಓದುವ ಕೆಲಸ ಒಂದೇ ಕಡೆ ಇದ್ದರೆ ಅದನ್ನು ಅಲ್ಲಿ ಒಮ್ಮೆ ಸೇರಿಸಿದರೆ ಸಾಕು.

ಜಿಲ್ಲೆ ಎರಡಾದಾಗ

2022ರ ಏಪ್ರಿಲ್ 4ರಂದು ಆಂಧ್ರಪ್ರದೇಶದ 13 ಜಿಲ್ಲೆಗಳು 26 ಆದವು. ಹಿಂದೂಪುರ, ಮಡಕಶಿರಾ, ಅಮರಾಪುರಂ, ರೊಳ್ಳ, ಅಗಳಿ, ಗುಡಿಬಂಡೆ ಎಲ್ಲ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು. ನಮ್ಮ ಕಂಬದೂರು, ಕಲ್ಯಾಣದುರ್ಗ, ಕುಂದುರ್ಪಿ, ರಾಯದುರ್ಗ ಅನಂತಪುರದಲ್ಲೇ ಉಳಿದವು. ಮುನ್ನೂರು ಸಾಲಿನ ಮೆಥಡ್ಡಿನಲ್ಲಿ ‘ಅನಂತಪುರ’ ಅಂತ ಹನ್ನೊಂದು ಕಡೆ ನೇರವಾಗಿ ಬರೆದಿದ್ದರೆ ಏನಾಗುತ್ತಿತ್ತು ಯೋಚಿಸಿ. ಹತ್ತು ಕಡೆ ಸಿಕ್ಕಿ ಒಂದು ಕಡೆ ಬಿಟ್ಟುಹೋದರೆ ಮಡಕಶಿರಾದ ಮಗುವಿನ ಅಂಕಪಟ್ಟಿಯಲ್ಲಿ ಒಂದು ಜಿಲ್ಲೆ, ಡೇಟಾಬೇಸಿನಲ್ಲಿ ಇನ್ನೊಂದು. ಪ್ರಮಾಣಪತ್ರ ತಾಳೆಯಾಗದೆ ಅಲೆಯುವವರು ಯಾರು? ಕೂಲಿ ಬಿಟ್ಟು ಬಸ್ಸು ಹತ್ತುವ ತಂದೆತಾಯಿ.

ಎಲ್ಲ ಕಡೆ ಹುಡುಕಿ ಬದಲಿಸಿದರೆ ಮುಗಿಯಿತೇ? ಅದೂ ಅಲ್ಲ. 2019ರಲ್ಲಿ ಹಿಂದೂಪುರದಲ್ಲಿ ಓದಿದ ಮಗುವಿನ ಅಂಕಪಟ್ಟಿಯ ನಕಲನ್ನು ಇವತ್ತು ಮುದ್ರಿಸುವಾಗ ಯಾವ ಜಿಲ್ಲೆ ಬರಬೇಕು? ಮೂಲಪತ್ರಿಕೆಯಲ್ಲಿದ್ದಂತೆ ಅನಂತಪುರವೇ ಬರಬೇಕು ಅಂತ ನಿಯಮವಿದ್ದರೆ, ಮಂಡಲದ ಹೆಸರೊಂದೇ ಸಾಲದು, ದಿನಾಂಕವೂ ಬೇಕು. ‘ಜಿಲ್ಲೆ_ಹುಡುಕು’ ಎನ್ನುವ ಕೆಲಸ ಬೇರೆಯಾಗಿ ಕೂತಾಗ ಈ ಪ್ರಶ್ನೆ ತಾನಾಗಿ ಎದ್ದುಬರುತ್ತದೆ: ಒಳಗೆ ಏನು ಬೇಕು? ಮುನ್ನೂರು ಸಾಲಿನ ನಡುವೆ ಹೂತಿದ್ದಾಗ ಅದನ್ನು ಕೇಳುವವರೇ ಇರಲಿಲ್ಲ. 35 ಎನ್ನುವ ಪಾಸು ಅಂಕಕ್ಕೂ ಇದೇ ಮಾತು. ಅಂಕೆಯನ್ನು ಸಿಕ್ಕಸಿಕ್ಕಲ್ಲಿ ಬರೆಯದೆ ಅದಕ್ಕೊಂದು ಹೆಸರು ಕೊಟ್ಟು ಒಂದೇ ಕಡೆ ಇಡಿ.

ಕನ್ನಡ ವಿಕಿಪೀಡಿಯದ ಉಳಿಸುವ ಗುಂಡಿ

ಇದು ಕಲ್ಪನೆಯ ಉದಾಹರಣೆಯಾಯಿತು, ನಿಜವಾದದ್ದು ಇದೆಯೇ ಅಂತ ಕೇಳಬಹುದು. ನೀವು ಬಳಸುವ ಜಾಗದಲ್ಲೇ ಇದೆ. ಕನ್ನಡ ವಿಕಿಪೀಡಿಯ 2003ರ ಜೂನಿನಲ್ಲಿ ಶುರುವಾಯಿತು. ಅದು ಓಡುವುದು ಮೀಡಿಯಾವಿಕಿ ಎನ್ನುವ ವೆಬ್ ತಂತ್ರಾಂಶದ ಮೇಲೆ. ಪಿಎಚ್‌ಪಿ ಭಾಷೆಯಲ್ಲಿ ಬರೆದದ್ದು, ಯಾರು ಬೇಕಾದರೂ ತೆರೆದು ಓದಬಹುದು. ನೀವು ಒಂದು ಲೇಖನ ತಿದ್ದಿ ಪ್ರಕಟಿಸುವ ಗುಂಡಿ ಒತ್ತಿದಾಗ ಓಡುತ್ತಿದ್ದ ಮೆಥಡ್ ನೂರಾರು ಸಾಲು ಉದ್ದ ಬೆಳೆದಿತ್ತು. ತಾಣ ಈಗ ಓದಲು ಮಾತ್ರ ತೆರೆದಿದೆಯೇ, ಈ ಬಳಕೆದಾರರನ್ನು ತಡೆಹಿಡಿಯಲಾಗಿದೆಯೇ, ಬರೆದದ್ದರಲ್ಲಿ ಜಾಹೀರಾತಿನ ಕಸ ಇದೆಯೇ, ಪುಟ ಮಿತಿಗಿಂತ ದೊಡ್ಡದಾಯಿತೇ, ಹೀಗೆ ತಡೆಗಳ ದೊಡ್ಡ ಸರಪಳಿ, ಒಂದರ ಹಿಂದೆ ಒಂದು, ಒಂದೇ ಮೆಥಡ್ಡಿನಲ್ಲಿ.

2021ರಲ್ಲಿ ಬಂದ 1.36ನೇ ಆವೃತ್ತಿಯಲ್ಲಿ ಈ ತಡೆಗಳನ್ನು ಹೊರತೆಗೆದು ಒಂದೊಂದಕ್ಕೂ ಬೇರೆ ಕಡತ, ಬೇರೆ ಹೆಸರು ಕೊಟ್ಟರು. ಅವುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ಕೇಳುತ್ತಾ, ಯಾವುದು ಮೊದಲು ‘ಬೇಡ’ ಅನ್ನುತ್ತದೋ ಅಲ್ಲೇ ನಿಲ್ಲುವ ಒಂದು ಪುಟ್ಟ ಮೇಲ್ವಿಚಾರಕನನ್ನು ಇಟ್ಟರು. ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. ಪ್ರತಿ ತಡೆಯೂ ತಾನು ಬೇಡ ಅಂದದ್ದು ಯಾಕೆ ಅಂತ ಹಳೆಯ ಕ್ರಮದಲ್ಲೇ ಹೇಳುವ ಒಂದು ಮೆಥಡ್ಡನ್ನೂ ಹೊಂದಿದೆ. ಆ ಹಳೆಯ ಉತ್ತರಗಳನ್ನು ನಂಬಿಕೊಂಡು ಬರೆದ ಬೇರೆ ಕೋಡುಗಳು ಮುರಿಯಬಾರದಲ್ಲ, ಅದಕ್ಕೆ. ಒಳಗಿನ ಗೋಡೆ ಬದಲಾಯಿತು, ಬಾಗಿಲು ಇದ್ದಲ್ಲೇ ಇದೆ. ತಿದ್ದುತ್ತಿದ್ದ ನಮಗೆ ಯಾವ ವ್ಯತ್ಯಾಸವೂ ಗೊತ್ತಾಗದಿದ್ದರೆ ಕೆಲಸ ಸರಿಯಾಗಿದೆ ಅಂತಲೇ ಅರ್ಥ. ಅಷ್ಟು ಮಾಡಿದ ಮೇಲೂ ಆ ಮೆಥಡ್ ಪುಟ್ಟದೇನೂ ಆಗಲಿಲ್ಲ. ಇಪ್ಪತ್ತು ವರ್ಷದ ಹತ್ತಿರ ಬೆಳೆದದ್ದು ಒಂದೇ ಆವೃತ್ತಿಗೆ ಕರಗುವುದಿಲ್ಲ.

ಪುಟದ ಗಾತ್ರದ ತಡೆಯನ್ನೇ ನೋಡಿ. ಮೀಡಿಯಾವಿಕಿಯಲ್ಲಿ ಮಾಮೂಲಿ ಮಿತಿ 2048 ಕಿಲೋಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೇಕು. ‘ಕಂಬದೂರು’ ಎಂದರೆ 21 ಬೈಟ್. ಹಾಗಾಗಿ ಅದೇ ಮಿತಿಯೊಳಗೆ ನಮಗೆ ಸಿಗುವ ಸಂಕೇತಗಳು ಅವರಿಗೆ ಸಿಗುವುದರ ಮೂರನೇ ಒಂದು ಭಾಗ. ಇಂಥ ವಿಷಯ ಎಲ್ಲಿ ನಿರ್ಧಾರವಾಗುತ್ತದೆ ಅಂತ ನೋಡಲು ಈಗ ಒಂದು ಸಣ್ಣ ಕಡತ ತೆರೆದರೆ ಸಾಕು.

ಅತಿಯಾದರೆ

ಇಷ್ಟೆಲ್ಲ ಕೇಳಿ ಎರಡೆರಡು ಸಾಲಿಗೊಂದು ಮೆಥಡ್ ಮಾಡಲು ಹೊರಡಬೇಡಿ. ಈ ವಿಷಯದಲ್ಲಿ ದೊಡ್ಡವರಲ್ಲೇ ಜಗಳ ಇದೆ. ರಾಬರ್ಟ್ ಮಾರ್ಟಿನ್ 2008ರ ‘ಕ್ಲೀನ್ ಕೋಡ್’ ಪುಸ್ತಕದಲ್ಲಿ ಇಪ್ಪತ್ತು ಸಾಲೂ ಹೆಚ್ಚಾಯಿತು ಅನ್ನುತ್ತಾರೆ. ಜಾನ್ ಔಸ್ಟರ್‌ಹೌಟ್ 2018ರ ತಮ್ಮ ಪುಸ್ತಕದಲ್ಲಿ, ಹಾಗೆ ಚೂರುಚೂರು ಮಾಡಿದರೆ ಓದುವವರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುವುದೇ ಆಗುತ್ತದೆ ಅನ್ನುತ್ತಾರೆ. ನನಗೆ ಔಸ್ಟರ್‌ಹೌಟ್ ಮಾತು ಹೆಚ್ಚು ಒಪ್ಪಿಗೆ. ಒಂದು ತುಂಡನ್ನು ಅರ್ಥಮಾಡಿಕೊಳ್ಳಲು ಪಕ್ಕದ ತುಂಡನ್ನೂ ತೆರೆಯಲೇಬೇಕು ಅಂತಾದರೆ ಅವೆರಡು ಒಟ್ಟಿಗೇ ಇರಲಿ.

ಹಾಗೆಯೇ ಚೆನ್ನಾಗಿ ಓಡುತ್ತಿರುವ, ಯಾರೂ ಮುಟ್ಟಬೇಕಿಲ್ಲದ ಕೋಡನ್ನು ಬರೀ ಅಂದಕ್ಕಾಗಿ ಬಿಚ್ಚುವುದು ಬೇಡ. ಫಲಿತಾಂಶ ಪ್ರಕಟವಾಗುವ ಹಿಂದಿನ ರಾತ್ರಿಯಂತೂ ಖಂಡಿತ ಬೇಡ.

ತರಗತಿಯಲ್ಲಿ

ಕಂಪ್ಯೂಟರ್ ಇಲ್ಲದೆಯೇ ಎಂಟನೇ ತರಗತಿಯವರಿಗೆ ಇದನ್ನು ಮಾಡಿಸಬಹುದು. ಮಧ್ಯಾಹ್ನದ ಊಟದ ಅಕ್ಕಿ ಲೆಕ್ಕ ತೆಗೆದುಕೊಳ್ಳಿ: 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ, 6ರಿಂದ 8ರ ಮಗುವಿಗೆ 150 ಗ್ರಾಂ. ಹಾಜರಿ ಎಣಿಸಿ, ಗುಣಿಸಿ, ಕೂಡಿಸಿ, ಕಿಲೋಗೆ ತಂದು, ರಿಜಿಸ್ಟರಿನಲ್ಲಿ ಬರೆಯುವ ತನಕ ಎಲ್ಲವನ್ನೂ ಒಂದು ಗುಂಪು ಒಂದೇ ಉದ್ದನೆಯ ವಾಕ್ಯದಲ್ಲಿ ಬರೆಯಲಿ. ಇನ್ನೊಂದು ಗುಂಪು ಅದನ್ನೇ ಚೀಟಿಗಳಲ್ಲಿ, ಒಂದು ಚೀಟಿಗೆ ಒಂದು ಕೆಲಸ, ಮೇಲೆ ಹೆಸರು, ಒಳಗೆ ಏನು ಬೇಕು, ಹೊರಗೆ ಏನು ಬರಬೇಕು ಅಂತ ಬರೆಯಲಿ. ಚಿಕ್ಕ ತರಗತಿಗಳಲ್ಲಿ 42 ಮಕ್ಕಳು, ದೊಡ್ಡವುಗಳಲ್ಲಿ 38 ಅಂದರೆ 4.2 ಮತ್ತು 5.7, ಒಟ್ಟು 9.9 ಕಿಲೋ, ಇದು ನಿಮ್ಮ ತಾಳೆಪಟ್ಟಿಯ ಮೊದಲ ಸಾಲು. ಎರಡನೇ ಸಾಲಿಗೆ ಎರಡೂ ಕಡೆ 0 ಮಕ್ಕಳು ಅಂತ ಕೊಡಿ. ಎರಡೂ ಗುಂಪಿನ ಉತ್ತರ ತಾಳೆಯಾದ ಮೇಲೆ ಅಳತೆಯನ್ನು ಬದಲಿಸಿ, 150ರ ಬದಲು ಬೇರೆ ಯಾವುದಾದರೂ ಹೇಳಿ. ಎಷ್ಟು ಚೀಟಿ ಹರಿದು ಹೊಸದಾಗಿ ಬರೆಯಬೇಕಾಯಿತು ಅಂತ ಮಕ್ಕಳೇ ಎಣಿಸಲಿ. ಒಂದಕ್ಕಿಂತ ಹೆಚ್ಚಾದರೆ, ಆ ಅಳತೆಗೆ ಒಂದು ಪ್ರತ್ಯೇಕ ಚೀಟಿ ಬೇಕು ಅಂತ ಅವರೇ ಹೇಳುತ್ತಾರೆ.